ಮುಂಗಾರಿಗೆ ಮುಂಚೆ ತರಕಾರಿ ಬೀಜ ಖರೀದಿ: ದಿನದ ಲೆಕ್ಕ, ಗ್ರಾಂ ಲೆಕ್ಕ, ಮೊಳಕೆ ಲೆಕ್ಕ

ಮಿರಗದ (ಮೃಗಶಿರಾ ನಕ್ಷತ್ರದ) ಮೊದಲ ಹದ ಮಳೆ ಬಿದ್ದ ಮರುದಿನ ಬೀಜದ ಅಂಗಡಿಗೆ ಹೋದವರಿಗೆ, ಹುಬ್ಬಳ್ಳಿಯಾಗಲಿ ಗದಗವಾಗಲಿ ರಾಣೇಬೆನ್ನೂರಾಗಲಿ, ಒಂದೇ ಮಾತು ಕಾದಿರುತ್ತದೆ: “ಅದು ಖಾಲಿ ಆಗೇತ್ರಿ. ಇದು ಅದಕಿಂತ ಚೊಲೋ ಐತಿ, ಒಯ್ರಿ.” ಹಿಂದೆ ಹತ್ತು ಮಂದಿ ನಿಂತಿರುತ್ತಾರೆ. ಹೊಲದ ಹದ ಎರಡು ದಿನಕ್ಕೆ ಆರುತ್ತದೆ. ಪಾಕೀಟಿನ ಹಿಂಬದಿ ಓದುವಷ್ಟು ಪುರಸೊತ್ತು ಕೊಡುವವನಿಗೂ ಇಲ್ಲ, ಕೊಳ್ಳುವವನಿಗೂ ಇಲ್ಲ.

ದರ ಏರುತ್ತದೆ ಎಂಬ ಕಾರಣಕ್ಕೆ ಬೀಜವನ್ನು ಮುಂಚೆ ಕೊಳ್ಳಬೇಕಿಲ್ಲ. ತಂದ ಬೀಜವನ್ನು ಮನೆಯಲ್ಲೇ ಮೊಳಕೆ ಹಾಕಿ ನೋಡಲು, ಹುಟ್ಟದಿದ್ದರೆ ಬದಲಿಸಿಕೊಳ್ಳಲು ಕೈಯಲ್ಲಿ ದಿನಗಳಿರಬೇಕು. ಕೆಳಗಿನ ಲೆಕ್ಕವೆಲ್ಲ ಆ ದಿನಗಳನ್ನು ಉಳಿಸಿಕೊಳ್ಳುವುದಕ್ಕೆ.

ನಾಟಿಯ ದಿನದಿಂದ ಹಿಂದಕ್ಕೆ ಎಣಿಸಿ

ಮೆಣಸಿನಕಾಯಿಯನ್ನೇ ತೆಗೆದುಕೊಳ್ಳೋಣ. ಕುಂದಗೋಳ, ಬ್ಯಾಡಗಿ, ಶಿರಹಟ್ಟಿ ಕಡೆ ಮಳೆಯಾಶ್ರಯದಲ್ಲಿ ಮೆಣಸಿನ ಅಗಿ (ಸಸಿ) ಹಚ್ಚುವುದು ಆರಿದ್ರಾ ಕೊನೆ, ಪುನರ್ವಸು ಆರಂಭದ ಹೊತ್ತಿಗೆ, ಅಂದರೆ ಜುಲೈ ಮೊದಲ ವಾರ. ಅಗಿಗೆ 40 ದಿನ ಬೇಕು. ಹಾಗಾಗಿ ಮಡಿಗೆ (ಸಸಿ ಬೆಳೆಸುವ ಪಾತಿಗೆ) ಬೀಜ ಬೀಳಬೇಕಾದದ್ದು ಮೇ 25ರ ಸುಮಾರು, ರೋಹಿಣಿ ಕೂಡುವಾಗ. ಮೆಣಸಿನ ಬೀಜದ ಮೊಳಕೆ ಪರೀಕ್ಷೆಗೆ ಪೂರ್ತಿ 14 ದಿನ ಹಿಡಿಯುತ್ತದೆ, ಆದ್ದರಿಂದ ಮೇ 7–8ಕ್ಕೆ ಪರೀಕ್ಷೆ ಶುರುವಾಗಬೇಕು. ಬೀಜ ಕೆಟ್ಟಿದ್ದರೆ ಬೇರೆ ತರಲು ಮೂರು-ನಾಲ್ಕು ದಿನ ಇರಲಿ. ಮೇ ಮೊದಲ ವಾರದಲ್ಲಿ, ಬಸವ ಜಯಂತಿಯ ಆಚೀಚೆ, ಪಾಕೀಟು ಮನೆಯಲ್ಲಿದ್ದರೆ ಈ ಲೆಕ್ಕ ಕೂಡುತ್ತದೆ. ಒಂದು ವಾರ ತಡವಾದರೂ ಪರೀಕ್ಷೆ ಬಿಟ್ಟುಹೋಗುತ್ತದೆ, ಆಮೇಲೆ ನಂಬಿಕೆಯ ಮೇಲೆ ಬಿತ್ತುವುದೇ ಗತಿ.

ಉಳಿದ ಬೆಳೆಗಳ ಅಗಿ ದಿನ ಹೀಗಿದೆ: ಟೊಮ್ಯಾಟೊ 25, ಬದನೆ 30ರಿಂದ 35, ಮುಂಗಾರಿನ ಉಳ್ಳಾಗಡ್ಡಿ 40ರಿಂದ 45. ಬೆಂಡೆ, ಚವಳಿ (ಗೋರಿಕಾಯಿ), ಹೀರೆ, ಸೌತೆ ನೇರ ಬಿತ್ತುವ ಬೆಳೆಗಳಾದ್ದರಿಂದ ಬಿತ್ತುವ ಮೂರು ವಾರ ಮುಂಚೆ ಬೀಜ ಮನೆಗೆ ಬಂದರೆ ಸಾಕು. ಬೆಂಡೆಯ ಪರೀಕ್ಷೆಗೇ 21 ದಿನ ಹಿಡಿಯುವುದರಿಂದ ಅದು ಮಾತ್ರ ಇನ್ನೂ ಕೆಲವು ದಿನ ಮುಂಚೆ ಬರಲಿ.

ಹಾಗೆಂದು ಫೆಬ್ರುವರಿಯಲ್ಲೇ ಅಂಗಡಿಗೆ ಓಡಬೇಡಿ. ಆಗ ಕಪಾಟಿನಲ್ಲಿರುವುದು ಬಹಳ ಸಲ ಹೋದ ಹಂಗಾಮಿನ ಉಳಿಕೆ. ಸಿಕ್ಕರೂ ಗದಗಿನ ಏಪ್ರಿಲ್ ಸೆಕೆಯನ್ನು ಆ ಬೀಜ ನಿಮ್ಮ ಮನೆಯಲ್ಲೇ ಕಳೆಯಬೇಕಾಗುತ್ತದೆ.

ಅಣ್ಣಿಗೇರಿ-ಕುಂದಗೋಳದ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹಾಕುವವರು ಮೂರರ ಬೀಜವನ್ನೂ ಒಂದೇ ದಿನ ತರುವ ರೂಢಿ ಇದೆ. ಹಾಗೆ ತರಬೇಕಿಲ್ಲ. ಮೆಣಸಿನ ಬೀಜ ಮೊದಲು ಬರಬೇಕು. ಬಿತ್ತಿಗೆಗೆ ಹತ್ತಿರವಾದಾಗ ಬರಬೇಕಾದದ್ದು ಉಳ್ಳಾಗಡ್ಡಿ ಬೀಜ, ಏಕೆಂದರೆ ಮೂರರಲ್ಲಿ ಬೇಗ ಜೀವ ಕಳೆದುಕೊಳ್ಳುವುದು ಅದೇ.

ಎಷ್ಟು ಬೀಜ: ಗುಂಟೆಯಿಂದ ಶುರು ಮಾಡಿ

ಅಂಗಡಿಯವರು “ಎಕರೆಗೆ ಇಷ್ಟು ಪಾಕೀಟು” ಎನ್ನುತ್ತಾರೆ. ಆ ಲೆಕ್ಕ ನಿಮ್ಮ ಸಾಲಿನ ಅಂತರಕ್ಕೆ ಹೊಂದುತ್ತದೆಯೇ ಎಂದು ನೋಡಲು ಒಂದು ಗುಂಟೆ ಸಾಕು. ಗುಂಟೆ ಎಂದರೆ 1,089 ಚದರ ಅಡಿ.

ಮೆಣಸಿನಕಾಯಿಯನ್ನು ಎರಡೂವರೆ ಅಡಿ ಸಾಲಿಗೆ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯಂತೆ ಹಚ್ಚಿದರೆ ಒಂದು ಗಿಡಕ್ಕೆ 3.75 ಚದರ ಅಡಿ ಬೀಳುತ್ತದೆ, ಗುಂಟೆಗೆ 290 ಗಿಡ. ಸತ್ತ ಕಡೆ ಮತ್ತೆ ಹಚ್ಚಲು ನೂರಕ್ಕೆ ಹತ್ತರಂತೆ ಸೇರಿಸಿದರೆ 320 ಅಗಿ ಬೇಕು. ಟ್ರೇಯಲ್ಲಿ ನೂರಕ್ಕೆ 15 ಸಸಿ ಕೊಳೆತು, ಒಣಗಿ ಹೋಗುತ್ತವೆ ಎಂದಿಟ್ಟರೆ ಹುಟ್ಟಬೇಕಾದದ್ದು 376. ಬೀಜದ ಮೊಳಕೆ ಶೇ 75 ಇದ್ದರೆ 376ನ್ನು 0.75ರಿಂದ ಭಾಗಿಸಿ: ಸುಮಾರು 500 ಕಾಳು. ಒಂದು ಗ್ರಾಂ ಮೆಣಸಿನ ಬೀಜದಲ್ಲಿ ಸರಿಸುಮಾರು 150 ಕಾಳು ಇರುತ್ತವೆ. ಅಂದರೆ ಗುಂಟೆಗೆ 3.3 ಗ್ರಾಂ, ಎಕರೆಗೆ 130 ಗ್ರಾಂ ಚಿಲ್ಲರೆ.

ಅದೇ ಬೆಳೆಯನ್ನು ಹತ್ತಿ ನಡುವೆ ಎರಡೂವರೆಗೆ ಎರಡೂವರೆ ಅಡಿಯಂತೆ ಹಚ್ಚಿದರೆ ಗುಂಟೆಗೆ 174 ಗಿಡ, 2 ಗ್ರಾಂ ಬೀಜ, ಎಕರೆಗೆ 80 ಗ್ರಾಂ. ಅಂತರ ಬದಲಾದರೆ 10 ಗ್ರಾಂನ ಐದು ಪಾಕೀಟಿನ ವ್ಯತ್ಯಾಸ ಬಂತು. ಹೈಬ್ರಿಡ್ ಬೀಜದ ದರದಲ್ಲಿ ಇದು ಸಣ್ಣ ಮೊತ್ತವಲ್ಲ.

ಈ ಲೆಕ್ಕ ಟ್ರೇಯಲ್ಲಿ ಅಗಿ ಬೆಳೆಸುವವರಿಗೆ. ಜವಾರಿ (ನಾಟಿ) ಬೀಜವನ್ನು ಬಯಲು ಮಡಿಯಲ್ಲಿ ಚೆಲ್ಲುವವರು ಎಕರೆಗೆ 400ರಿಂದ 500 ಗ್ರಾಂ ಇಟ್ಟುಕೊಳ್ಳುವುದು ರೂಢಿ. ಆ ಹೆಚ್ಚಿನ ಬೀಜವನ್ನು ಇರುವೆ, ಕೊಳೆರೋಗ, ದಟ್ಟಣೆ ಮೂರೂ ಹಂಚಿಕೊಂಡು ತಿನ್ನುತ್ತವೆ. ಬೀಜವನ್ನು ಚೆಲ್ಲುವ ಬದಲು ಬೆರಳಷ್ಟು ಅಂತರದ ಗೆರೆ ಎಳೆದು ಮಡಿಯಲ್ಲಿ ಹಾಕಿದರೆ ಅದರ ಅರ್ಧ ಸಾಕಾಗುತ್ತದೆ.

ಬೇರೆ ಬೆಳೆಗಳಿಗೆ ಎಕರೆ ಲೆಕ್ಕ:

- ಟೊಮ್ಯಾಟೊ: ಹೈಬ್ರಿಡ್ 50–60 ಗ್ರಾಂ, ಸುಧಾರಿತ ತಳಿ 160–200 ಗ್ರಾಂ. ಗ್ರಾಂಗೆ ಸುಮಾರು 300 ಕಾಳು.
- ಬದನೆ: ಹೈಬ್ರಿಡ್ 60–80 ಗ್ರಾಂ, ತಳಿ 160–200 ಗ್ರಾಂ.
- ಬೆಂಡೆ: ಹೈಬ್ರಿಡ್ 2–2.5 ಕೆ.ಜಿ., ತಳಿ 3.5–4 ಕೆ.ಜಿ.
- ಉಳ್ಳಾಗಡ್ಡಿ: ಅಗಿ ಹಚ್ಚುವುದಾದರೆ 3–4 ಕೆ.ಜಿ. ಕೂರಿಗೆಯಲ್ಲಿ ಬಿತ್ತುವುದಾದರೆ ಇನ್ನೂ ಹೆಚ್ಚು.
- ಸೌತೆ 1 ಕೆ.ಜಿ., ಹೀರೆ 1.5–2 ಕೆ.ಜಿ., ಚವಳಿ 6–8 ಕೆ.ಜಿ., ಮೆಂತೆ 10 ಕೆ.ಜಿ.

ಟೊಮ್ಯಾಟೊ ಹೈಬ್ರಿಡ್‌ಗಳನ್ನು ಈಗ ಕೆಲವು ಕಂಪನಿಗಳು ಗ್ರಾಂ ಬದಲು ಕಾಳಿನ ಎಣಿಕೆಯಲ್ಲಿ ಮಾರುತ್ತವೆ. ಎರಡು ಪಾಕೀಟಿನ ದರ ಹೋಲಿಸುವಾಗ ಗ್ರಾಂ ದರ ಬಿಟ್ಟು ಸಾವಿರ ಕಾಳಿನ ದರ ನೋಡಿ.

ಜವಾರಿ, ತಳಿ, ಹೈಬ್ರಿಡ್

ಹೈಬ್ರಿಡ್ ಎಂದರೆ ಎರಡು ಬೇರೆ ಬೇರೆ ತಂದೆ-ತಾಯಿ ಸಾಲುಗಳನ್ನು ಕೂಡಿಸಿ ತೆಗೆದ ಮೊದಲ ಪೀಳಿಗೆ. ಪಾಕೀಟಿನ ಮೇಲೆ ಎಫ್-1 ಎಂದಿರುತ್ತದೆ. ಅದರ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಬೀಜ ಹುಟ್ಟುತ್ತದೆ, ಗಿಡವೂ ಆಗುತ್ತದೆ. ಆದರೆ ಒಂದರ ಕಾಯಿ ಇನ್ನೊಂದರಂತೆ ಇರುವುದಿಲ್ಲ. ಸುಧಾರಿತ ತಳಿ ಮತ್ತು ಜವಾರಿಯಲ್ಲಿ ಮಾತ್ರ ಬೀಜ ಉಳಿಸಿಕೊಳ್ಳಬಹುದು.

ಉಳಿಸಿಕೊಳ್ಳುವುದರಲ್ಲೂ ಒಂದು ಸೂಕ್ಷ್ಮ ಇದೆ, ಬ್ಯಾಡಗಿ ಮೆಣಸಿನಕಾಯಿಯವರು ಇದನ್ನು ಗಮನಿಸಲೇಬೇಕು. ಟೊಮ್ಯಾಟೊ ಹೂ ಹೆಚ್ಚಾಗಿ ತನ್ನಷ್ಟಕ್ಕೇ ಪರಾಗ ಕಟ್ಟುತ್ತದೆ. ಮೆಣಸಿನಕಾಯಿ ಹಾಗಲ್ಲ, ಜೇನುಹುಳ ಪಕ್ಕದ ಹೊಲದ ಪರಾಗ ತಂದು ಕೂಡಿಸುತ್ತದೆ. ಪ್ರಮಾಣಿತ ಮೆಣಸಿನ ಬೀಜದ ಹೊಲಕ್ಕೂ ಬೇರೆ ಮೆಣಸಿನ ಹೊಲಕ್ಕೂ 200 ಮೀಟರ್ ಅಂತರ ಇರಬೇಕೆಂಬ ನಿಯಮ ಅದಕ್ಕೇ. ನಿಮ್ಮ ಡಬ್ಬಿ ಅಥವಾ ಕಡ್ಡಿ (ಬ್ಯಾಡಗಿಯ ಎರಡು ಬಗೆ) ಹೊಲದ ಬದುವಿನಾಚೆ ಖಾರದ ಹೈಬ್ರಿಡ್ ಇದ್ದರೆ, ಈ ವರ್ಷದ ಕಾಯಿ ನೋಡಲು ಅಪ್ಪಟ ಡಬ್ಬಿಯೇ. ಅದರೊಳಗಿನ ಬೀಜ ಮಾತ್ರ ಬೆರಕೆಯಾಗಿರಬಹುದು. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣ, ಸುಕ್ಕು, ಕಡಿಮೆ ಖಾರದಿಂದ. 2011ರಲ್ಲಿ ಭೌಗೋಳಿಕ ಸೂಚಕ (ಜಿ.ಐ.) ಮಾನ್ಯತೆ ಸಿಕ್ಕಿದ್ದೂ ಈ ಗುಣಗಳಿರುವ ಕಾಯಿಗೆ. ಎರಡು-ಮೂರು ವರ್ಷ ಬೆರಕೆ ಬೀಜ ಬಿತ್ತಿದ ಹೊಲದ ಕಾಯಿಯನ್ನು ಬ್ಯಾಡಗಿ ಪೇಟೆಯ ದಲಾಲರು ಕೈಯಲ್ಲಿ ಹಿಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಜವಾರಿ ಬೀಜವನ್ನು ಪರಿಚಯದವರಿಂದ ಕೊಳ್ಳುವಾಗ “ಹೊಲದ ಸುತ್ತ ಏನಿತ್ತು?” ಎಂದು ಕೇಳುವುದು ತಪ್ಪಲ್ಲ. ಸಾಧ್ಯವಾದರೆ ಬೀಜ ಬೇಡ, ಒಣಕಾಯಿಯನ್ನೇ ಕೊಂಡು ನೀವೇ ಒಡೆದು ಬೀಜ ತೆಗೆಯಿರಿ. ಕಾಯಿ ಕಣ್ಣಿಗೆ ಕಾಣುತ್ತದೆ, ರೋಗದ ಮಚ್ಚೆ ಇದ್ದುದನ್ನು ಆರಿಸಿ ಬಿಡಬಹುದು.

ರಾಣೇಬೆನ್ನೂರು, ಹಿರೇಕೆರೂರು ಸುತ್ತ ತರಕಾರಿ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಕಸುಬು. ಅದರ ನೆರಳಿನಲ್ಲೇ ಇನ್ನೊಂದು ವ್ಯಾಪಾರವೂ ನಡೆಯುತ್ತದೆ: “ಕಂಪನಿ ಬೀಜನೇರಿ, ಪಾಕೀಟಿಲ್ಲ ಅಷ್ಟ” ಎಂದು ಬಿಡಿಯಾಗಿ ಕಡಿಮೆ ದರಕ್ಕೆ ಸಿಗುವ ಬೀಜ. ಬೀಜೋತ್ಪಾದನೆಯ ಹೊಲದಲ್ಲಿ ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರ ಕಿತ್ತು, ಗಂಡು ಸಾಲಿನ ಪರಾಗ ಕೈಯಲ್ಲೇ ಮುಟ್ಟಿಸಿ, ಆ ಹೂವಿಗೆ ಗುರುತು ಮಾಡುತ್ತಾರೆ. ಗುರುತಿಲ್ಲದ ಕಾಯಿ ತನ್ನಷ್ಟಕ್ಕೇ ಕಟ್ಟಿದ್ದು. ಅದರ ಬೀಜ ಹೆಣ್ಣು ಸಾಲಿನದೇ ಹೊರತು ಹೈಬ್ರಿಡ್ ಅಲ್ಲ. ಬಿಡಿಯಾಗಿ ಸಿಗುವ ಬೀಜ ಅಂಥದ್ದೋ, ಕಂಪನಿಯ ಮೊಳಕೆ ಪರೀಕ್ಷೆಯಲ್ಲಿ ಬಿದ್ದದ್ದೋ ಹೇಳಬಲ್ಲವರಿಲ್ಲ. ಅರ್ಧ ದರಕ್ಕೆ ಸಿಕ್ಕರೂ ಬೇಡ.

“ಬಿಟಿ ಬದನೆ, ಹುಳ ಬೀಳಂಗಿಲ್ಲ” ಎಂದು ಯಾರಾದರೂ ಬೀಜ ತೋರಿಸಿದರೆ ಅಲ್ಲಿಂದ ಹೊರಡಿ. ಬಿಟಿ (ಕುಲಾಂತರಿ) ಬದನೆಗೆ ಕೇಂದ್ರ ಸರ್ಕಾರ 2010ರ ಫೆಬ್ರುವರಿಯಲ್ಲಿ ತಡೆ ಹಾಕಿದೆ. ಆ ಹೆಸರಿನಲ್ಲಿ ಮಾರುವ ಬೀಜ ಒಂದೋ ಕಾನೂನುಬಾಹಿರ, ಇಲ್ಲವೇ ಸುಳ್ಳು.

ಹಂಗಾಮಿಗೆ ತಕ್ಕ ತಳಿ: ಉಳ್ಳಾಗಡ್ಡಿಯಲ್ಲೇ ಹೆಚ್ಚು ಮಂದಿ ಎಡವುವುದು

ಉಳ್ಳಾಗಡ್ಡಿಗೆ ಗಡ್ಡೆ ಕಟ್ಟುವ ಸೂಚನೆ ಸಿಗುವುದು ಹಗಲಿನ ಉದ್ದದಿಂದ ಮತ್ತು ಉಷ್ಣಾಂಶದಿಂದ. ಮುಂಗಾರಿನ ಬೆಳೆ ಗಡ್ಡೆ ಕಟ್ಟುವ ಹೊತ್ತಿಗೆ ಹಗಲು ಮೊಟಕಾಗುತ್ತಿರುತ್ತದೆ, ಹಿಂಗಾರು-ಬೇಸಿಗೆಯ ಬೆಳೆ ಗಡ್ಡೆ ಕಟ್ಟುವಾಗ ಹಗಲು ಉದ್ದವಾಗುತ್ತಿರುತ್ತದೆ. ಹಿಂಗಾರಿನ ತಳಿಯನ್ನು ಜೂನ್‌ನಲ್ಲಿ ಬಿತ್ತಿದರೆ ಸೊಪ್ಪು ಚೆನ್ನಾಗಿಯೇ ಬೆಳೆಯುತ್ತದೆ, ಕುತ್ತಿಗೆ ದಪ್ಪವಾಗುತ್ತದೆ, ಗಡ್ಡೆ ಮಾತ್ರ ಕೂಡುವುದಿಲ್ಲ. ರೈತರು ಗೊಬ್ಬರ ಕಡಿಮೆಯಾಯಿತೆಂದು ಇನ್ನಷ್ಟು ಯೂರಿಯಾ ಹಾಕುತ್ತಾರೆ, ಕುತ್ತಿಗೆ ಇನ್ನೂ ದಪ್ಪವಾಗುತ್ತದೆ.

ಮುಂಗಾರಿಗೆ ಅರ್ಕಾ ಕಲ್ಯಾಣ್, ಅಗ್ರಿಫೌಂಡ್ ಡಾರ್ಕ್ ರೆಡ್, ಎನ್-53, ಭೀಮಾ ಸೂಪರ್ ಹೊಂದುತ್ತವೆ. ಅಗ್ರಿಫೌಂಡ್ ಲೈಟ್ ರೆಡ್, ಎನ್-2-4-1, ಭೀಮಾ ಶಕ್ತಿ ಹಿಂಗಾರಿನ ಕಡೆಯವು. ಡಾರ್ಕ್ ರೆಡ್, ಲೈಟ್ ರೆಡ್ ಹೆಸರುಗಳು ಒಂದೇ ರೀತಿ ಕೇಳುತ್ತವೆ, ಚೀಲವೂ ಒಂದೇ ರೀತಿ ಇರಬಹುದು. ಬಿಲ್ಲಿನಲ್ಲಿ “ಉಳ್ಳಾಗಡ್ಡಿ ಬೀಜ 4 ಕೆ.ಜಿ.” ಎಂದಷ್ಟೇ ಬರೆಸಿಕೊಂಡು ಬಂದರೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ. ಹಂಗಾಮಿನ ಹೆಸರೂ ಚೀಲದ ಮೇಲಿದೆಯೇ ನೋಡಿ.

ಬೆಂಡೆಯಲ್ಲಿ ನೋಡಬೇಕಾದದ್ದು ಹಳದಿ ನಂಜಾಣು ರೋಗ. ಎಲೆಯ ನರ ಹಳದಿಯಾಗಿ, ಕಾಯಿ ಬೆಳ್ಳಗಾಗಿ ಪೇಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ, ಬಿಳಿನೊಣ ಇದನ್ನು ಹರಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಈ ರೋಗ ತಡೆಯುವುದಕ್ಕೇ ಹೆಸರಾಗಿತ್ತು. ಆ ಶಕ್ತಿ ಈಗ ಮೊದಲಿನಷ್ಟು ಉಳಿದಿಲ್ಲ. ಹೆಸರು ಹಳೆಯದು ಎಂಬ ಒಂದೇ ಭರವಸೆಗೆ ಬೇಸಿಗೆ ಬೆಂಡೆಗೆ ಅದನ್ನು ಆರಿಸಬೇಡಿ. ಟೊಮ್ಯಾಟೊದಲ್ಲಿ ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್ ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವಂತೆ ಬೆಳೆಸಿದ್ದು. ಹೋದ ವರ್ಷ ಗಿಡ ನಿಂತಲ್ಲೇ ಹಸಿರಾಗಿ ಬಾಡಿದ ಹೊಲ ಇದ್ದರೆ ಇಂಥದ್ದನ್ನೇ ಕೇಳಿ.

ಬದನೆಯಲ್ಲಿ ರೋಗದ ಮುಂಚೆ ಪೇಟೆ ನೋಡಿ. ಎಣ್ಣೆಗಾಯಿಗೆ ಸಣ್ಣ ಮುಳಗಾಯಿ (ಬದನೆಕಾಯಿ) ಕೇಳುವ ಊರಿನ ಸಂತೆಗೆ ಉದ್ದನೆಯ ನೇರಳೆ ಬದನೆ ಒಯ್ದರೆ ಸಂಜೆಗೆ ವಾಪಸು ತರಬೇಕಾಗುತ್ತದೆ.

ಎಲ್ಲಿ ಕೊಳ್ಳಬೇಕು

ತಳಿ ಬೀಜಕ್ಕೆ ಮೊದಲು ಕೇಳಬೇಕಾದದ್ದು ಸಂಸ್ಥೆಗಳನ್ನು: ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಹಾವೇರಿ ಬಳಿಯ ದೇವಿಹೊಸೂರಿನ ತೋಟಗಾರಿಕೆ ಕೇಂದ್ರ, ಹನುಮನಮಟ್ಟಿ ಮತ್ತು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಗಳು. ಅರ್ಕಾ ತಳಿಗಳನ್ನು ಹೆಸರಘಟ್ಟದ ಸಂಸ್ಥೆ ಆನ್‌ಲೈನ್‌ನಲ್ಲಿಯೂ ಮಾರುತ್ತದೆ. ಸಂಸ್ಥೆಯ ಬೀಜ ಅಗ್ಗ, ತಳಿ ನಂಬಬಹುದು. ಆದರೆ ಬೇಕಾದದ್ದು ಬೇಕಾದ ದಿನ ಇರುತ್ತದೆಂದು ಹೇಳಲಾಗದು. ಧಾರವಾಡಕ್ಕೆ ಬಸ್ಸು ಹತ್ತುವ ಮುಂಚೆ ಫೋನ್ ಮಾಡಿ ದಾಸ್ತಾನು ಕೇಳಿ. ಸೆಪ್ಟೆಂಬರ್ ಸುಮಾರಿಗೆ ನಡೆಯುವ ಕೃಷಿ ಮೇಳದಲ್ಲಿ ಬೀಜ ಸಿಗುತ್ತದೆ, ಅದು ಹಿಂಗಾರಿಗೆ ಸರಿ, ಮುಂಗಾರಿಗಲ್ಲ.

ಹೈಬ್ರಿಡ್‌ಗೆ ಲೈಸೆನ್ಸ್ ಇರುವ ಅಂಗಡಿಯೇ ದಾರಿ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಮಾರಾಟಗಾರರು ಲೈಸೆನ್ಸ್ ಪಡೆದಿರಬೇಕು, ದಾಸ್ತಾನು ಮತ್ತು ದರವನ್ನು ಕಾಣುವಂತೆ ಹಾಕಬೇಕು, ಕೊಂಡವರಿಗೆ ಬಿಲ್ ಕೊಡಬೇಕು. ಅಂಗಡಿ ಆರಿಸುವಾಗ ಬೀಜವನ್ನು ಎಲ್ಲಿ ಇಟ್ಟಿದ್ದಾರೆ ನೋಡಿ. ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಏಪ್ರಿಲ್‌ನಿಂದ ಕುಳಿತ ಪಾಕೀಟಿನ ಮೇಲೆ ಏನೇ ಮುದ್ರಿಸಿದ್ದರೂ ಒಳಗಿನ ಬೀಜಕ್ಕೆ ಆ ಮೊಳಕೆ ಉಳಿದಿರುವುದಿಲ್ಲ.

ಕಿರಾಣಿ ಅಂಗಡಿಯ ಮೆಂತೆ, ಕೊತ್ತಂಬರಿ ಬಿತ್ತುವ ರೂಢಿ ಎಲ್ಲ ಊರಲ್ಲೂ ಇದೆ. ಮೆಂತೆ ಸಾಮಾನ್ಯವಾಗಿ ಹುಟ್ಟುತ್ತದೆ. ಕೊತ್ತಂಬರಿ ಹಳೆಯದಾದಷ್ಟು ಕೈಕೊಡುತ್ತದೆ. ಪಲ್ಲೆಗಷ್ಟೇ ಆದರೆ, ಮೊಳಕೆ ನೋಡಿಕೊಂಡು ಬಿತ್ತಲು ಅಡ್ಡಿಯಿಲ್ಲ.

ಪಾಕೀಟಿನ ಹಿಂಬದಿ

ಮುಂಬದಿಯ ಚಿತ್ರ ಮಾರುವುದಕ್ಕೆ. ಓದಬೇಕಾದದ್ದು ಹಿಂಬದಿಯ ಸಣ್ಣ ಅಕ್ಷರ.

ಮೊದಲು ಚೀಟಿಯ ಬಣ್ಣ. ತಳಿವರ್ಧಕ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಕಂಪನಿ ತಾನೇ ಗುಣಮಟ್ಟ ಹೇಳಿ ಮಾರುವ ಬೀಜಕ್ಕೆ ತಿಳಿ ಹಸಿರು ಚೀಟಿ. ತರಕಾರಿ ಹೈಬ್ರಿಡ್ ಬಹುತೇಕ ಹಸಿರು ಚೀಟಿಯದೇ, ಅದರಲ್ಲಿ ದೋಷವಿಲ್ಲ. ಆದರೆ ಅಲ್ಲಿ ಹೊಣೆ ಕಂಪನಿಯದು, ಪ್ರಮಾಣನ ಸಂಸ್ಥೆಯದಲ್ಲ ಎಂಬುದು ನೆನಪಿರಲಿ.

ಆಮೇಲೆ ಮೂರು ದಿನಾಂಕ: ಪರೀಕ್ಷೆ ಮಾಡಿದ್ದು, ಪ್ಯಾಕ್ ಮಾಡಿದ್ದು, ಅವಧಿ ಮುಗಿಯುವುದು. ಜನ ಕೊನೆಯದನ್ನಷ್ಟೇ ನೋಡುತ್ತಾರೆ. ಮುಖ್ಯವಾದದ್ದು ಮೊದಲನೆಯದು. ಪ್ರಮಾಣಿತ ಬೀಜದ ಅವಧಿ ಪರೀಕ್ಷೆಯ ದಿನದಿಂದ 9 ತಿಂಗಳು. ಮರುಪರೀಕ್ಷೆಯಲ್ಲಿ ಪಾಸಾದರೆ ಇನ್ನೂ 6 ತಿಂಗಳು ಸಿಗುತ್ತದೆ. ಮೇ ತಿಂಗಳಲ್ಲಿ ಎರಡು ಪಾಕೀಟು ಕೈಯಲ್ಲಿದ್ದು, ಒಂದರ ಪರೀಕ್ಷೆ ಹೋದ ಸೆಪ್ಟೆಂಬರ್‌ನದು, ಇನ್ನೊಂದರದು ಮಾರ್ಚ್‌ನದು ಎಂದಾದರೆ ಎರಡೂ ಅವಧಿಯೊಳಗಿವೆ. ಆರಿಸಬೇಕಾದದ್ದು ಮಾರ್ಚ್‌ನದು. ಹಳೆಯ ದಿನಾಂಕದ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿದ್ದರೆ, ಅಚ್ಚನ್ನು ಉಜ್ಜಿದಂತಿದ್ದರೆ ಅದನ್ನು ಅಲ್ಲೇ ಬಿಡಿ.

ಮೊಳಕೆ ಪ್ರಮಾಣ ಕನಿಷ್ಠ ಇಷ್ಟಿರಬೇಕು: ಟೊಮ್ಯಾಟೊ, ಬದನೆ, ಉಳ್ಳಾಗಡ್ಡಿ, ಚವಳಿ, ಮೆಂತೆ ಶೇ 70; ಬೆಂಡೆ, ಕೊತ್ತಂಬರಿ ಶೇ 65; ಮೆಣಸಿನಕಾಯಿ, ಹೀರೆ, ಸೌತೆ ಶೇ 60. ಮೆಣಸಿನಕಾಯಿಗೆ 60 ಸಾಕೆಂಬುದು ನಿಯಮದ ಮಾತು. ದುಬಾರಿ ಹೈಬ್ರಿಡ್‌ಗೆ 60ರ ಪಾಕೀಟು ಕೊಂಡರೆ ಹತ್ತರಲ್ಲಿ ನಾಲ್ಕು ಕಾಳಿನ ದುಡ್ಡು ಮಣ್ಣಿಗೆ ಹೋದಂತೆ.

ಲಾಟ್ ನಂಬರ್ (ಒಟ್ಟಿಗೆ ತಯಾರಾದ ಬೀಜದ ಗುಂಪಿನ ಸಂಖ್ಯೆ) ಬರೆದುಕೊಳ್ಳಿ. ಹತ್ತು ಪಾಕೀಟು ಕೊಂಡರೆ ಹತ್ತರಲ್ಲೂ ಅದೇ ಲಾಟ್ ಇದೆಯೇ ನೋಡಿ, ಏಕೆಂದರೆ ಮುಂದಿನ ಪರೀಕ್ಷೆ ಲಾಟ್‌ಗೆ ಸಂಬಂಧಿಸಿದ್ದು.

ಮೊದಲು ಒಂದು ಪಾಕೀಟು, ಆಮೇಲೆ ಉಳಿದದ್ದು

ಒಡೆದ ಪಾಕೀಟನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆದ್ದರಿಂದ ಒಂದು ಲಾಟ್‌ನ ಒಂದೇ ಸಣ್ಣ ಪಾಕೀಟು ತನ್ನಿ. ಉಳಿದದ್ದನ್ನು ಅದೇ ಲಾಟ್‌ನಲ್ಲಿ ತೆಗೆದಿಡಲು ಹೇಳಿ, ಬೇಕಾದರೆ ಸ್ವಲ್ಪ ಮುಂಗಡ ಕೊಡಿ. ಪರೀಕ್ಷೆ ಸರಿ ಬಂದರೆ ಉಳಿದದ್ದು ತನ್ನಿ. ಮೇ ತಿಂಗಳಲ್ಲಿ ಯಾವ ಅಂಗಡಿಯವರೂ ಇದಕ್ಕೆ ಇಲ್ಲ ಎನ್ನುವುದಿಲ್ಲ, ಜೂನ್ ಎರಡನೆಯ ವಾರ ಯಾರೂ ಒಪ್ಪುವುದಿಲ್ಲ.

ಪರೀಕ್ಷೆ ಹೀಗೆ:

1. ಪಾಕೀಟು ಚೆನ್ನಾಗಿ ಅಲ್ಲಾಡಿಸಿ, ಆರಿಸದೆ 100 ಕಾಳು ಎಣಿಸಿ. ದಪ್ಪ ಕಾಳನ್ನೇ ಆರಿಸಿದರೆ ಫಲಿತಾಂಶ ಸುಳ್ಳಾಗುತ್ತದೆ. ತೀರಾ ದುಬಾರಿ ಬೀಜವಾದರೆ 50 ಸಾಕು, ಆದರೆ ಆಗ ಸಿಗುವುದು ಅಂದಾಜು.
2. ಒಗೆದು ಗಂಜಿ ಹೋದ ಹಳೆ ಧೋತರದ ತುಂಡನ್ನು ಕುದಿಯುವ ನೀರಿನಲ್ಲಿ ಅದ್ದಿ ತಣಿಸಿ, ಹಿಂಡಿ. ಬೆರಳಿನಿಂದ ಒತ್ತಿದರೆ ಹನಿ ಬೀಳಬಾರದು, ತಂಪು ಹತ್ತಬೇಕು. ನೀರು ಹೆಚ್ಚಾದರೆ ಗಾಳಿಯಿಲ್ಲದೆ ಬೀಜ ಕೊಳೆಯುತ್ತದೆ, ತಪ್ಪು ಬೀಜದ ಮೇಲೆ ಹೋಗುತ್ತದೆ.
3. ಹತ್ತರ ಹತ್ತು ಸಾಲಾಗಿ, ಒಂದಕ್ಕೊಂದು ತಾಗದಂತೆ ಇಡಿ. ಮೇಲೆ ಇನ್ನೊಂದು ಪದರ ಹೊದಿಸಿ ಸಡಿಲವಾಗಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಅರ್ಧ ತೆರೆದು ನಿಲ್ಲಿಸಿ. ಚೀಟಿಯಲ್ಲಿ ತಳಿ, ಲಾಟ್, ದಿನಾಂಕ ಬರೆಯಿರಿ.
4. ಮನೆಯ ತಂಪಾದ ಮೂಲೆಯಲ್ಲಿ, ನೀರಿನ ಹರವಿಯ ಪಕ್ಕ ಇಡಿ. ಮೇ ಸೆಕೆಯಲ್ಲಿ ಮಾಳಿಗೆ ಮೇಲಿಟ್ಟರೆ ಒಳ್ಳೆಯ ಕೊತ್ತಂಬರಿ, ಪಾಲಕವೂ ಹುಟ್ಟುವುದಿಲ್ಲ.
5. ಬಟ್ಟೆ ಆರದಂತೆ ದಿನಕ್ಕೊಮ್ಮೆ ನೀರು ಚಿಮುಕಿಸಿ. ಮೊದಲ ಎಣಿಕೆ ಬೆಂಡೆ, ಸೌತೆಗೆ 4ನೇ ದಿನ, ಟೊಮ್ಯಾಟೊಗೆ 5, ಉಳ್ಳಾಗಡ್ಡಿಗೆ 6, ಮೆಣಸಿನಕಾಯಿ ಮತ್ತು ಬದನೆಗೆ 7ನೇ ದಿನ. ಕೊನೆಯ ಎಣಿಕೆ ಸೌತೆಗೆ 8, ಉಳ್ಳಾಗಡ್ಡಿಗೆ 12, ಟೊಮ್ಯಾಟೊ, ಮೆಣಸಿನಕಾಯಿ, ಬದನೆಗೆ 14, ಬೆಂಡೆಗೆ 21ನೇ ದಿನ.

ಎಣಿಸುವಾಗ ಬಿಳಿ ತುದಿ ಕಂಡ ಕೂಡಲೇ ‘ಹುಟ್ಟಿತು’ ಎನ್ನಬೇಡಿ. ಬೇರು ಉದ್ದವಾಗಿ, ಕಾಂಡ ನೆಟ್ಟಗೆ ಎದ್ದದ್ದು ಮಾತ್ರ ಲೆಕ್ಕ. ಬೇರಿಲ್ಲದ ಮೊಳಕೆ, ತಿರುಚಿದ ಮೊಳಕೆ, ಗಾಜಿನಂತೆ ನೀರು ತುಂಬಿದ ಮೊಳಕೆ ಮಡಿಯಲ್ಲಿ ಮಣ್ಣು ಸೀಳಿ ಬರುವುದಿಲ್ಲ. ಮೊದಲ ಎಣಿಕೆಯೇ ಹೆಚ್ಚು ಹೇಳುತ್ತದೆ. ಟೊಮ್ಯಾಟೊ ಐದನೇ ದಿನ 60 ಹುಟ್ಟಿ ಕೊನೆಗೆ 80 ಆದರೆ ಬೀಜ ಗಟ್ಟಿ. ಐದನೇ ದಿನ 15 ಇದ್ದು ಎಳೆದೆಳೆದು 14ನೇ ದಿನ 75 ಆದರೆ ಸಂಖ್ಯೆ ಪಾಸು, ಬೀಜಕ್ಕೆ ವಯಸ್ಸಾಗಿದೆ. ಮಡಿಯಲ್ಲಿ ಅರ್ಧ ಸಸಿ ಚೋಟುದ್ದ, ಅರ್ಧ ಗೇಣುದ್ದ ಬರುತ್ತವೆ.

ಬೆಂಡೆ ಬೀಜ ಕೆಲವೊಮ್ಮೆ ಗಟ್ಟಿ ಸಿಪ್ಪೆಯಿಂದ ತಡಮಾಡುತ್ತದೆ. ರಾತ್ರಿಯಿಡೀ ನೆನೆಸಿ ಇನ್ನೊಮ್ಮೆ ನೋಡಿದ ಮೇಲೆಯೇ ತೀರ್ಪು ಕೊಡಿ. ಕೊತ್ತಂಬರಿ ಕಾಳಿನೊಳಗೆ ಎರಡು ಬೀಜ ಇರುತ್ತವೆ, ಉಜ್ಜಿ ಒಡೆದು ಹಾಕಿ.

ಫಲಿತಾಂಶ ಪಾಕೀಟಿನ ಮೇಲಿನದಕ್ಕಿಂತ ಐದಾರು ಕಡಿಮೆ ಬಂದರೆ ಜಗಳಕ್ಕೆ ಕಾರಣವಿಲ್ಲ, ಬೀಜದ ಪ್ರಮಾಣ ಅಷ್ಟು ಹೆಚ್ಚಿಸಿಕೊಳ್ಳಿ. ಇಪ್ಪತ್ತು ಕಡಿಮೆ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿ, ಈ ಸಲ ನೀರು ಕಡಿಮೆ ಮಾಡಿ ನೋಡಿ. ಎರಡನೆಯ ಸಲವೂ ಅದೇ ಬಂದರೆ ಆ ಲಾಟ್ ಬಿಡಿ.

ಮಡಿ ಹಾಕುವವರೆಗೆ ಕಾಪಾಡುವುದು

ಬೀಜಕ್ಕೆ ವೈರಿ ಎರಡು: ಸೆಕೆ ಮತ್ತು ತೇವ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ, ಅಥವಾ ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ಇಳಿದರೆ, ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದ ಹಳೆಯ ಲೆಕ್ಕ. ಒಡೆಯದ ಪಾಕೀಟುಗಳನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ನೆಲದ ಮಟ್ಟದ ತಂಪಾದ ಕೋಣೆಯಲ್ಲಿಡಿ. ಒಡೆದ ಪಾಕೀಟು ಇದ್ದರೆ ಬಿಸಿಲಿಗೆ ಒಣಗಿಸಿದ ಬೂದಿಯ ಗಂಟೊಂದನ್ನು ಜೊತೆಗಿಡಿ. ಫ್ರಿಜ್‌ನಲ್ಲಿಡುವುದು ಒಳ್ಳೆಯದೇ. ಹೊರತೆಗೆದ ಕೂಡಲೇ ಡಬ್ಬಿ ತೆರೆದರೆ ಮಾತ್ರ ತಣ್ಣನೆಯ ಬೀಜದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ರಾತ್ರಿ ತೆಗೆದಿಟ್ಟು ಬೆಳಿಗ್ಗೆ ತೆರೆಯಿರಿ.

ಯೂರಿಯಾ ಚೀಲ ಮತ್ತು ಕಳೆನಾಶಕದ ಬಾಟಲಿ ಇರುವ ಕೋಣೆಯಲ್ಲಿ ಬೀಜ ಬೇಡ. ಯೂರಿಯಾ ತೇವ ಎಳೆದುಕೊಳ್ಳುತ್ತದೆ. 2,4-ಡಿಯಂಥ ಕಳೆನಾಶಕದ ಆವಿ ಮೊಳಕೆಯನ್ನೇ ಕೆಡಿಸುತ್ತದೆ.

ಹೋದ ವರ್ಷದ್ದು ಉಳಿದಿದ್ದರೆ: ಉಳ್ಳಾಗಡ್ಡಿ ಬೀಜವನ್ನು ಯೋಚಿಸದೆ ಬಿಡಿ. ಮೆಣಸಿನಕಾಯಿ, ಬೆಂಡೆಯನ್ನು ಪರೀಕ್ಷಿಸಿ ನೋಡಿ. ಟೊಮ್ಯಾಟೊ, ಬದನೆ, ಸೌತೆ ಒಣ ಜಾಗದಲ್ಲಿದ್ದರೆ ಎರಡು-ಮೂರು ವರ್ಷ ತಡೆಯುತ್ತವೆ.

ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಬಳಿದಿರುತ್ತಾರೆ. ಅದರ ಮೇಲೆ ಮತ್ತೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಚ್ಚಿದರೆ ಶಿಲೀಂಧ್ರನಾಶಕ ಅದನ್ನೂ ಕೊಲ್ಲುತ್ತದೆ. ಟ್ರೈಕೋಡರ್ಮಾವನ್ನು ಮಡಿಯ ಗೊಬ್ಬರಕ್ಕೆ ಬೆರೆಸಿ. ಮಕ್ಕಳ ಕೈಗೆ, ಕೋಳಿಗೆ ಸಿಗದಂತೆ ಇಡಿ. ಉಳಿದ ಬೆಂಡೆ ಬೀಜವನ್ನು ಅಡುಗೆಮನೆಯ ಡಬ್ಬಿಗೆ ಸುರಿಯಬೇಡಿ.

ಬೀಜದ ಬದಲು ನರ್ಸರಿಯ ಅಗಿ ಕೊಳ್ಳುವವರು ಟ್ರೇ ಹಾಕುವ ದಿನವೇ ಪಾಕೀಟಿನ ಲಾಟ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬೀಜವನ್ನು ನೀವೇ ಕೊಟ್ಟು ಬೆಳೆಸಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಹುಟ್ಟದಿದ್ದರೆ, ಬೆರಕೆ ಬಂದರೆ

ಮನೆಯಲ್ಲಿ 80 ಹುಟ್ಟಿದ್ದು ಮಡಿಯಲ್ಲಿ 40 ಬಂದರೆ ದೋಷ ಮಡಿಯದು. ಮಣ್ಣು ಕೆದಕಿ ನೋಡಿ. ಬೀಜ ಹಾಗೇ ಗಟ್ಟಿಯಾಗಿದ್ದರೆ ನೀರು ಸಾಲದು. ಮೊಳಕೆ ಬಂದು ಮೇಲೇಳಲಾರದೆ ಮಡಚಿಕೊಂಡಿದ್ದರೆ ಬೀಜ ಅರ್ಧ ಇಂಚಿಗಿಂತ ಆಳಕ್ಕೆ ಬಿದ್ದಿದೆ, ಇಲ್ಲವೇ ಮಸಾರಿ (ಕೆಂಪು) ಮಣ್ಣು ಮಳೆಗೆ ಹೆಪ್ಪುಗಟ್ಟಿದೆ. ಬೀಜವೇ ಕಾಣದಿದ್ದರೆ ಇರುವೆ. ಸಸಿ ಎದ್ದು ಬುಡದಲ್ಲಿ ದಾರದಂತೆ ಸಣ್ಣಗಾಗಿ ಬಿದ್ದಿದ್ದರೆ ಕೊಳೆರೋಗ.

ಮನೆಯಲ್ಲೂ ಹುಟ್ಟದಿದ್ದರೆ ತಡಮಾಡದೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬೀಜ ನಿರೀಕ್ಷಕರು ಅಂಗಡಿಯಿಂದ ಅದೇ ಲಾಟ್‌ನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬಲ್ಲರು. ಆ ಲಾಟ್ ಅಂಗಡಿಯಲ್ಲಿ ಖಾಲಿಯಾಗುವ ಮುಂಚೆ ದೂರು ಹೋಗಿರಬೇಕು. ಯಾರಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ. ಬೆಳೆ ನಷ್ಟಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ದೂರು ಎರಡು ವರ್ಷದೊಳಗೆ ಇರಬೇಕು.

ಇದೆಲ್ಲಕ್ಕೂ ಬೇಕಾದದ್ದು ತಳಿ, ಲಾಟ್, ತೂಕ, ದಿನಾಂಕ ಇರುವ ಪಕ್ಕಾ ಬಿಲ್. ಬಿಳಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಮೊತ್ತ ಬಿಲ್ ಅಲ್ಲ. ಜೊತೆಗೆ ಖಾಲಿ ಪಾಕೀಟು, ಅದರೊಳಗೆ ಒಂದು ಚಿಟಿಕೆ ಬೀಜ ಉಳಿಸಿ ಬಾಯಿ ಮಡಚಿ, ಕಂಪನಿಯ ಚೀಟಿ ಸಮೇತ. ಹುಟ್ಟಿದ ಮೇಲೆ ಇನ್ನೇಕೆ ಎಂದು ಮಡಿಯ ಬದಿಯಲ್ಲೇ ಪಾಕೀಟು ಎಸೆಯುವವರೇ ಹೆಚ್ಚು. ಮೊಳಕೆಯ ದೋಷ ಎರಡು ವಾರದಲ್ಲಿ ತಿಳಿಯುತ್ತದೆ. ತಳಿ ಬೆರಕೆಯಾಗಿದ್ದರೆ ತಿಳಿಯುವುದು ಕಾಯಿ ಬಿಟ್ಟಾಗ, ಅಂದರೆ ದಸರೆಯ ಹೊತ್ತಿಗೆ. ಬಿಲ್ಲು, ಪಾಕೀಟು ಎರಡನ್ನೂ ಕೊನೆಯ ಕೊಯ್ಲಿನವರೆಗೆ ಉತಾರದ (ಪಹಣಿಯ) ಚೀಲದಲ್ಲೇ ಇಟ್ಟಿರಿ.